ನೂಲಿನಂತೆ ಸೀರೆ: ನಾಲ್ಕು ಅಕ್ಷರಗಳ ಒಂದು ಓಲೆಯ ಚರಿತ್ರೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಕೂಟಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಮಕ್ಕಳಿಗೆ ಕನ್ನಡದ ಓದು-ಬರಹ ಕಲಿಸುವ ಪ್ರಸ್ತಾಪ ಬಂದಾಗ ಯಾರಾದರೊಬ್ಬರು ಎದ್ದು, “ಅದನ್ನು ಬೇರೆ ಕಲಿಸಬೇಕೆ? ಕನ್ನಡ ನಮ್ಮ ರಕ್ತದಲ್ಲೇ ಇದೆ” ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ತರಗತಿಯ ಪ್ರಸ್ತಾಪ ಮುಂದಿನ ಸಭೆಗೆ ಹೋಗುತ್ತದೆ. ಆ ಚಪ್ಪಾಳೆಗೆ ನಾವೂ ಕೈಗೂಡಿಸಿದವರೇ. ಆದರೆ ರಕ್ತದಲ್ಲಿ ನಿಜವಾಗಿ ಏನಿದೆ, ಏನಿಲ್ಲ ಎಂಬುದನ್ನು ಮನುಷ್ಯ ಸುಮಾರು ನೂರೈವತ್ತು ವರ್ಷಗಳಿಂದ ಹುಡುಕುತ್ತ ಬಂದಿದ್ದಾನೆ. ಆ ಹುಡುಕಾಟದ ಚರಿತ್ರೆಯನ್ನು ಒಮ್ಮೆ ಓದಿಕೊಂಡರೆ ನಮ್ಮ ಮಾತಿನ ಬೆಲೆ ಎಷ್ಟೆಂದು ತಿಳಿದೀತು ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

“ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಗಾದೆಯನ್ನು ಕಟ್ಟಿದವರಿಗೆ ಹೋಲಿಕೆಯೊಂದು ಪೀಳಿಗೆಯಿಂದ ಪೀಳಿಗೆಗೆ ಹರಿದುಬರುತ್ತದೆಂದು ಗೊತ್ತಿತ್ತು. ಅದನ್ನು ಹೊತ್ತು ತರುವ ನೂಲು ಯಾವುದು ಎಂಬುದು ಮಾತ್ರ ಗೊತ್ತಿರಲಿಲ್ಲ. 1865ರಲ್ಲಿ ಬ್ರೂನ್ ನಗರದ ಮಠವಾಸಿ ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳ ಮೇಲಿನ ತನ್ನ ಪ್ರಯೋಗಗಳನ್ನು ವಿದ್ವತ್ ಸಭೆಯೊಂದರಲ್ಲಿ ಓದಿದಾಗ, ಗುಣಗಳು ಬಣ್ಣದ ನೀರಿನಂತೆ ಕಲಸಿಹೋಗುವುದಿಲ್ಲ, ಬಿಡಿಬಿಡಿ ಘಟಕಗಳಾಗಿ ಉಳಿದು ಸಾಗುತ್ತವೆ ಎಂದು ತೋರಿಸಿದ. ಆ ಘಟಕಗಳು ಯಾವ ವಸ್ತುವಿನಿಂದಾದವು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅವನ ಬರಹವೂ 1900ರವರೆಗೆ ಬಹುಮಟ್ಟಿಗೆ ಯಾರ ಗಮನಕ್ಕೂ ಬಾರದೆ ಉಳಿಯಿತು.

ಆ ವಸ್ತು ಮೊದಲು ಕೈಗೆ ಸಿಕ್ಕಿದ್ದು ಒಂದು ಹಳೆಯ ಅಡುಗೆಮನೆಯಲ್ಲಿ. ಜರ್ಮನಿಯ ಟ್ಯೂಬಿಂಗನ್ ಕೋಟೆಯ ಅಡುಗೆಮನೆಯನ್ನು ಆಗ ರಸಾಯನಶಾಲೆಯಾಗಿ ಮಾರ್ಪಡಿಸಿದ್ದರು. ಕಿವಿ ಮಂದವಾಗಿದ್ದುದರಿಂದ ವೈದ್ಯವೃತ್ತಿ ತನಗೆ ಒಗ್ಗದೆಂದು ಸಂಶೋಧನೆಯ ಹಾದಿ ಹಿಡಿದ ಸ್ವಿಟ್ಜರ್ಲೆಂಡಿನ ಯುವಕ ಫ್ರೀಡ್ರಿಕ್ ಮೀಷರ್, 1869ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ. ಊರಿನ ಶಸ್ತ್ರಚಿಕಿತ್ಸಾಲಯದಿಂದ ಗಾಯಗಳ ಪಟ್ಟಿಬಟ್ಟೆಗಳನ್ನು ತರಿಸಿ, ಅವುಗಳಿಗೆ ಅಂಟಿದ ಕೀವನ್ನು ತೊಳೆದು, ಅದರಲ್ಲಿದ್ದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿದ. ಆ ಕಣಗಳ ಕೋಶಕೇಂದ್ರದಿಂದ ಬಂದ ಪದಾರ್ಥವೊಂದು ಅದುವರೆಗೆ ತಿಳಿದಿದ್ದ ಯಾವ ಪ್ರೋಟೀನನ್ನೂ ಹೋಲಲಿಲ್ಲ. ಅದರಲ್ಲಿ ರಂಜಕದ ಪ್ರಮಾಣ ಬಹಳವಾಗಿತ್ತು. ಅವನು ಅದನ್ನು ‘ನ್ಯೂಕ್ಲೀನ್’ ಎಂದು ಕರೆದ. ಗುರು ಹೋಪ್ಪೆ-ಸೈಲರ್ ಶಿಷ್ಯನ ಮಾತನ್ನು ಕೂಡಲೇ ನಂಬದೆ, ಪ್ರಯೋಗವನ್ನು ತಾನೇ ಮತ್ತೆ ಮಾಡಿ ನೋಡಿದ ಮೇಲೆಯೇ, 1871ರಲ್ಲಿ ಅದನ್ನು ಪ್ರಕಟಿಸಿದ. ಇಂದು ನಾವು ಡಿಎನ್‌ಎ ಎನ್ನುವುದು ಈ ನ್ಯೂಕ್ಲೀನಿನ ತಿರುಳನ್ನೇ.

‘ರಕ್ತದಲ್ಲಿದೆ’ ಎಂಬ ಮಾತಿಗೆ ಇಲ್ಲಿಯೇ ಮೊದಲ ತಿದ್ದುಪಡಿ ಬೇಕಾಗುತ್ತದೆ. ರಕ್ತಕ್ಕೆ ಅದರ ಬಣ್ಣವನ್ನು ಕೊಡುವ ನಮ್ಮ ಕೆಂಪು ಕಣಗಳು ಬಲಿತ ಮೇಲೆ ಕೋಶಕೇಂದ್ರವನ್ನೇ ಹೊರಹಾಕಿಬಿಡುತ್ತವೆ. ಅವುಗಳಲ್ಲಿ ವಂಶದ ಓಲೆ ಇಲ್ಲ. ರಕ್ತ ಪರೀಕ್ಷಿಸಿ ತಂದೆ-ಮಕ್ಕಳ ಸಂಬಂಧ ಹೇಳುವವರು ನೋಡುವುದು ಅದೇ ರಕ್ತದ ಬಿಳಿ ಕಣಗಳನ್ನು, ಮೀಷರ್ ಕೀವಿನಲ್ಲಿ ಕಂಡಂಥವನ್ನು.

ಮೀಷರನ ಬದುಕಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. 1892ರಲ್ಲಿ ತನ್ನ ಸೋದರಮಾವನಿಗೆ ಬರೆದ ಪತ್ರವೊಂದರಲ್ಲಿ ಅವನು, ಎಲ್ಲ ಭಾಷೆಗಳ ಪದಗಳೂ ಎರಡು ಮೂರು ಡಜನ್ ಅಕ್ಷರಗಳಲ್ಲಿ ಅಡಗುವಂತೆ, ಆನುವಂಶಿಕ ಗುಣಗಳ ವೈವಿಧ್ಯವೂ ದೊಡ್ಡ ಅಣುಗಳ ರಚನಾಭೇದದಲ್ಲಿ ಅಡಗಿರಬಹುದು ಎಂದು ಊಹಿಸಿದ. ಊಹೆ ಸರಿಯಾಗಿತ್ತು. ಆದರೆ ಅದನ್ನು ಬರೆಯುವಾಗ ಅವನ ಮನಸ್ಸಿನಲ್ಲಿದ್ದುದು ಪ್ರೋಟೀನಿನಂಥ ಅಣುಗಳು. ಓಲೆಯ ಕಟ್ಟನ್ನು ಮೊದಲು ಕಂಡವನಿಗೆ ಬರಹ ಇರುವುದು ಅದರಲ್ಲೇ ಎಂದು ಹೊಳೆಯಲಿಲ್ಲ.

ಆ ತಪ್ಪು ಅವನೊಬ್ಬನದಲ್ಲ. ಮುಂದಿನ ಅರ್ಧ ಶತಮಾನದ್ದು. ಆಲ್ಬ್ರೆಕ್ಟ್ ಕೊಸ್ಸೆಲ್ ನ್ಯೂಕ್ಲಿಯಿಕ್ ಆಮ್ಲದ ಪ್ರತ್ಯಾಮ್ಲಗಳನ್ನು ಗುರುತಿಸಿ 1910ರ ನೊಬೆಲ್ ಪಡೆದ. ಡಿಎನ್‌ಎಯಲ್ಲಿರುವವು ನಾಲ್ಕೇ: ಅಡೆನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್. ನ್ಯೂಯಾರ್ಕಿನಲ್ಲಿ ಫೀಬಸ್ ಲೆವೀನ್ ಇವು ಸಕ್ಕರೆ ಮತ್ತು ಫಾಸ್ಫೇಟುಗಳೊಡನೆ ಹೇಗೆ ಬೆಸೆದುಕೊಂಡಿವೆ ಎಂಬುದನ್ನು ಬಿಡಿಸಿದ. ಆದರೆ ನಾಲ್ಕೂ ಪ್ರತ್ಯಾಮ್ಲಗಳು ಸಮಪ್ರಮಾಣದಲ್ಲಿವೆ, ಒಂದೇ ಕ್ರಮದಲ್ಲಿ ಮರುಕಳಿಸುತ್ತವೆ ಎಂದು ಅವನು ಬಗೆದ. ‘ಕಗತಪ ಕಗತಪ ಕಗತಪ’ ಎಂದು ಸಾವಿರ ಪುಟ ಬರೆದರೂ ಅದು ಕಾವ್ಯವಾಗದು. ಹೀಗಾಗಿ ಡಿಎನ್‌ಎ ಪುಸ್ತಕದ ರಟ್ಟು ಮಾತ್ರ, ಬರಹವಿರುವುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಿಂದಾದ ಪ್ರೋಟೀನುಗಳಲ್ಲಿ ಎಂಬುದೇ ವಿದ್ವಾಂಸರ ನಂಬಿಕೆಯಾಯಿತು.

ಈ ನಂಬಿಕೆಯನ್ನು ಅಲುಗಿಸಿದ್ದು ನ್ಯುಮೋನಿಯ. 1928ರಲ್ಲಿ ಲಂಡನ್ನಿನ ಫ್ರೆಡ್ರಿಕ್ ಗ್ರಿಫಿತ್ ಆ ರೋಗದ ಬ್ಯಾಕ್ಟೀರಿಯದ ಎರಡು ತಳಿಗಳನ್ನು ಇಟ್ಟುಕೊಂಡಿದ್ದ. ಒಂದಕ್ಕೆ ನುಣುಪಾದ ಹೊದಿಕೆಯಿತ್ತು, ಅದು ಇಲಿಗಳನ್ನು ಕೊಲ್ಲುತ್ತಿತ್ತು. ಇನ್ನೊಂದಕ್ಕೆ ಹೊದಿಕೆಯಿಲ್ಲ, ಅದು ನಿರಪಾಯಕಾರಿ. ಕಾಯಿಸಿ ಕೊಂದ ನುಣುಪು ತಳಿಯನ್ನು ಜೀವಂತ ನಿರಪಾಯ ತಳಿಯೊಡನೆ ಬೆರೆಸಿ ಚುಚ್ಚಿದಾಗ ಇಲಿಗಳು ಸತ್ತವು. ಸತ್ತ ಇಲಿಗಳ ಮೈಯಲ್ಲಿ ಸಿಕ್ಕಿದ್ದು ಹೊದಿಕೆಯುಳ್ಳ ಜೀವಂತ ಬ್ಯಾಕ್ಟೀರಿಯ. ಅವುಗಳ ಸಂತತಿಯೂ ಹೊದಿಕೆ ಹೊತ್ತೇ ಹುಟ್ಟಿತು. ಸತ್ತವು ಬದುಕಿದ್ದವುಗಳಿಗೆ ಏನನ್ನೋ ಬರೆದುಕೊಟ್ಟಿದ್ದವು.

ಆ ‘ಏನನ್ನೋ’ ಎಂಬುದರ ಬೆನ್ನು ಹತ್ತಿದವನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ. ಮಿತಭಾಷಿ, ಅವಿವಾಹಿತ, ಪ್ರಯೋಗಶಾಲೆಯೇ ಮನೆಯಾಗಿದ್ದವನು. ಮ್ಯಾಕ್ಲಿಯಾಡ್ ಮತ್ತು ಮೆಕಾರ್ಟಿ ಎಂಬ ಸಹೋದ್ಯೋಗಿಗಳೊಡನೆ ಅವನು ಸತ್ತ ಬ್ಯಾಕ್ಟೀರಿಯದ ಸಾರವನ್ನು ತೆಗೆದು, ಅದರಿಂದ ಒಂದೊಂದೇ ಪದಾರ್ಥವನ್ನು ಕಳೆಯುತ್ತ ಹೋದ. ಪ್ರೋಟೀನನ್ನು ಜೀರ್ಣಿಸುವ ಕಿಣ್ವ ಹಾಕಿದರೂ ಸಾರದ ಶಕ್ತಿ ಕುಂದಲಿಲ್ಲ. ಆರ್‌ಎನ್‌ಎಯನ್ನು ಜೀರ್ಣಿಸುವ ಕಿಣ್ವಕ್ಕೂ ಅದು ಜಗ್ಗಲಿಲ್ಲ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ತಗುಲಿದೊಡನೆ ಎಲ್ಲವೂ ನಿಂತುಹೋಯಿತು. 1944ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಏವರಿಗೆ 66 ವರ್ಷ. ಇಪ್ಪತ್ತನೆಯ ಶತಮಾನದ ಜೀವಶಾಸ್ತ್ರದ ಅತಿ ಮುಖ್ಯ ಸತ್ಯಗಳಲ್ಲೊಂದನ್ನು ಅವನು ಎಷ್ಟು ಸಂಕೋಚದಿಂದ ಹೇಳಿದನೆಂದರೆ ಹಲವರು ಅದನ್ನು ನಂಬುವ ಅಗತ್ಯವನ್ನೇ ಕಾಣಲಿಲ್ಲ. 1955ರಲ್ಲಿ ಅವನು ತೀರಿಕೊಂಡ. ನೊಬೆಲ್ ಬರಲೇ ಇಲ್ಲ.

ನಂಬಿದವರಲ್ಲಿ ಎರ್ವಿನ್ ಚಾರ್ಗಾಫ್ ಒಬ್ಬ. ಏವರಿಯ ಲೇಖನ ಓದಿ ತನ್ನ ಪ್ರಯೋಗಶಾಲೆಯ ದಿಕ್ಕನ್ನೇ ಬದಲಿಸಿದ ಆತ, ಹಲವು ಜೀವಿಗಳ ಡಿಎನ್‌ಎಯನ್ನು ಅಳೆದು ನೋಡಿದ. ನಾಲ್ಕು ಪ್ರತ್ಯಾಮ್ಲಗಳ ಪ್ರಮಾಣ ಜೀವಿಯಿಂದ ಜೀವಿಗೆ ಬೇರೆಯಾಗಿತ್ತು; ಅಲ್ಲಿಗೆ ‘ಕಗತಪ’ ವಾದ ಮುರಿದುಬಿತ್ತು. ಆದರೆ ಎಲ್ಲೆಡೆ ಅಡೆನೀನಿನಷ್ಟೇ ಥೈಮೀನ್, ಗ್ವಾನೀನಿನಷ್ಟೇ ಸೈಟೊಸೀನ್ ಇತ್ತು. ಈ ಸಮತೂಕದ ಅರ್ಥ ಅವನಿಗೂ ಪೂರ್ತಿ ಬಿಡಿಸಲಿಲ್ಲ.

ಬಿಡಿಸಿದ್ದು 1953. ಆ ಕಥೆ ಎಲ್ಲರೂ ಕೇಳಿದ್ದೇ, ಆದರೂ ಅದರ ನಡುವಿನ ಒಂದು ಪುಟವನ್ನು ಬಿಡುವಂತಿಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ತನ್ನ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಜೊತೆ ಡಿಎನ್‌ಎ ಎಳೆಗಳ ಮೇಲೆ ಕ್ಷ-ಕಿರಣ ಹಾಯಿಸಿ 1952ರ ಮೇ ತಿಂಗಳಲ್ಲಿ ತೆಗೆದ ಚಿತ್ರವೊಂದರಲ್ಲಿ, ಸುರುಳಿಯ ಗುರುತಾದ ಕತ್ತರಿಯಾಕಾರದ ಚುಕ್ಕೆಸಾಲು ಸ್ಪಷ್ಟವಾಗಿ ಮೂಡಿತ್ತು. ಆ ಚಿತ್ರವನ್ನು 1953ರ ಜನವರಿಯಲ್ಲಿ ಮಾರಿಸ್ ವಿಲ್ಕಿನ್ಸ್, ಆಕೆಗೆ ತಿಳಿಸದೆ, ಕೇಂಬ್ರಿಜ್‌ನಿಂದ ಬಂದಿದ್ದ ಜೇಮ್ಸ್ ವಾಟ್ಸನ್‌ಗೆ ತೋರಿಸಿದ. ಆಕೆಯ ಅಳತೆಗಳಿದ್ದ ವರದಿಯೂ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರ ಕೈ ಸೇರಿತು. ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಬಂದವು. ವಾಟ್ಸನ್-ಕ್ರಿಕ್ ಅವರದು ಮೊದಲು, ಫ್ರಾಂಕ್ಲಿನ್ ಅವರದು ಕೊನೆಗೆ. 1958ರಲ್ಲಿ, 37ನೆಯ ವಯಸ್ಸಿನಲ್ಲಿ, ಆಕೆ ಕ್ಯಾನ್ಸರಿನಿಂದ ತೀರಿಕೊಂಡರು. 1962ರ ನೊಬೆಲ್ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ ಹೋಯಿತು. ಕೃತಿಚೌರ್ಯದ ಚರ್ಚೆಗಳನ್ನು ಬಲ್ಲ ಸಾಹಿತ್ಯದ ಓದುಗರಿಗೆ ಇದರ ಮೇಲೆ ವ್ಯಾಖ್ಯಾನ ಬೇಕಿಲ್ಲ.

ಅವರೆಲ್ಲರ ದುಡಿಮೆಯಿಂದ ಕಂಡ ರೂಪ ಇಷ್ಟು: ತಿರುಚಿದ ನೂಲೇಣಿಯಂಥ ಒಂದು ಅಣು. ಅದರ ಎರಡು ಪಕ್ಕದ ಹಗ್ಗಗಳು ಸಕ್ಕರೆ-ಫಾಸ್ಫೇಟುಗಳ ಸರಪಳಿ. ಮೆಟ್ಟಿಲುಗಳು ಪ್ರತ್ಯಾಮ್ಲಗಳ ಜೋಡಿ. ಅಡೆನೀನ್ ಎದುರು ಥೈಮೀನ್, ಗ್ವಾನೀನ್ ಎದುರು ಸೈಟೊಸೀನ್. ಬೇರೆ ಜೋಡಿ ಕೂಡದು. ಚಾರ್ಗಾಫ್ ಕಂಡ ಸಮತೂಕಕ್ಕೆ ಕಾರಣ ಇದೇ. ಹೀಗಾಗಿ ಒಂದು ಎಳೆಯ ಅಕ್ಷರಗಳು ತಿಳಿದರೆ ಸಾಕು, ಎದುರಿನ ಎಳೆಯನ್ನು ತಪ್ಪಿಲ್ಲದೆ ಬರೆದುಬಿಡಬಹುದು. ಅರ್ಧ ಗೆದ್ದಲು ತಿಂದ ಓಲೆಗರಿಯ ಮುಂದೆ ಕುಳಿತು ಕಣ್ಣು ನೋಯಿಸಿಕೊಂಡ ನಮ್ಮ ಗ್ರಂಥ ಸಂಪಾದಕರಿಗೆ ಇಂಥ ಭಾಗ್ಯ ಸಿಕ್ಕಿದ್ದರೆ!

ಜೀವಕೋಶ ಇಬ್ಭಾಗವಾಗುವ ಮುನ್ನ ಈ ಏಣಿ ನಡುವೆ ಬಿಚ್ಚಿಕೊಳ್ಳುತ್ತದೆ, ಒಂದೊಂದು ಎಳೆಯೂ ತನ್ನೆದುರಿಗೆ ಹೊಸ ಜೊತೆಯನ್ನು ಕಟ್ಟಿಸಿಕೊಳ್ಳುತ್ತದೆ. 1958ರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಇದನ್ನು ತೂಕದಿಂದಲೇ ರುಜುವಾತುಪಡಿಸಿದರು. ಭಾರವಾದ ಸಾರಜನಕವನ್ನು ಉಣಿಸಿ ಬೆಳೆಸಿದ ಬ್ಯಾಕ್ಟೀರಿಯವನ್ನು ಹಗುರ ಸಾರಜನಕಕ್ಕೆ ಬದಲಿಸಿದಾಗ, ಒಂದು ಪೀಳಿಗೆಯ ನಂತರದ ಡಿಎನ್‌ಎ ಭಾರವೂ ಅಲ್ಲದೆ ಹಗುರವೂ ಅಲ್ಲದೆ ನಡುವಿನ ತೂಕದ್ದಾಗಿತ್ತು. ಪ್ರತಿ ಪ್ರತಿಯಲ್ಲಿಯೂ ಅರ್ಧ ಹಳೆಯದು, ಅರ್ಧ ಹೊಸದು. ಒಂದೇ ಒಂದು ಮಾನವಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ತಾಯಿಯಿಂದ ಬಂದ ಕಟ್ಟಿನಲ್ಲಿ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಬಂದ ಕಟ್ಟಿನಲ್ಲಿಯೂ ಹತ್ತಿರಹತ್ತಿರ ಅಷ್ಟೇ.

ಬರಹ ಸಿಕ್ಕಿತು, ಪ್ರತಿ ಮಾಡುವ ಬಗೆಯೂ ತಿಳಿಯಿತು. ಓದುವುದು ಹೇಗೆ? ಅಕ್ಷರ ನಾಲ್ಕು, ಅವು ಸೂಚಿಸಬೇಕಾದ ಅಮೈನೋ ಆಮ್ಲಗಳು ಇಪ್ಪತ್ತು. ಎರಡೆರಡು ಅಕ್ಷರಗಳ ಪದ ಕಟ್ಟಿದರೆ 16 ಪದಗಳಾಗುತ್ತವೆ, ಸಾಲದು. ಮೂರು ಮೂರಾದರೆ 64, ಸಾಕಾಗಿ ಮಿಗುತ್ತದೆ. ಪದ ಮೂರಕ್ಷರದ್ದೆಂದು ಕ್ರಿಕ್ ಮತ್ತು ಸಿಡ್ನಿ ಬ್ರೆನ್ನರ್ ಬಳಗ 1961ರಲ್ಲಿ ತೋರಿಸಿತು. ಕೋಶಕೇಂದ್ರದ ಭಂಡಾರದಿಂದ ಮೂಲಪ್ರತಿ ಹೊರಗೆ ಬರುವುದಿಲ್ಲ, ಬೇಕಾದ ಭಾಗದ ನಕಲನ್ನು ಆರ್‌ಎನ್‌ಎ ಎಂಬ ಸೋದರ ಅಣು ಹೊತ್ತು ತರುತ್ತದೆ ಎಂಬುದೂ ಅದೇ ವರ್ಷ ಖಚಿತವಾಯಿತು. ಆ ನಕಲಿನಲ್ಲಿ ಥೈಮೀನಿನ ಸ್ಥಾನದಲ್ಲಿ ಯುರಾಸಿಲ್ ಇರುತ್ತದೆ. ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಟ್ಟೈ ಬರೀ ಯುರಾಸಿಲ್‌ಗಳ ಸರವನ್ನು ಕೋಶರಸಕ್ಕೆ ಕೊಟ್ಟಾಗ ಫೀನೈಲ್‌ಅಲನೀನ್ ಎಂಬ ಒಂದೇ ಅಮೈನೋ ಆಮ್ಲದ ಸರ ಹೊರಬಂತು. ಜೀವದ ನಿಘಂಟಿನಲ್ಲಿ ಮನುಷ್ಯ ಓದಿದ ಮೊದಲ ಪದ ಅದು.

ಉಳಿದ ಪದಗಳನ್ನು ಓದಿಸಿದವರಲ್ಲಿ ಪ್ರಮುಖರು ಹರಗೋವಿಂದ ಖೊರಾನ. ಇಂದು ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಮುಲ್ತಾನ್ ಸೀಮೆಯ ರಾಯ್‌ಪುರ ಅವರ ಊರು. ಸುಮಾರು ನೂರು ಜನರಿದ್ದ ಆ ಹಳ್ಳಿಯಲ್ಲಿ ಓದು-ಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದೊಂದೇ ಎಂದು ಅವರೇ ಬರೆದುಕೊಂಡಿದ್ದಾರೆ. ತಂದೆ ಪಟವಾರಿ, ಅಂದರೆ ನಮ್ಮ ಶಾನುಭೋಗರಂಥವರು. ಲಾಹೋರಿನಲ್ಲಿ ಓದಿ, ಲಿವರ್‌ಪೂಲಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಭಾರತಕ್ಕೆ ಬಂದ ಅವರಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಹುಟ್ಟೂರು ಅಷ್ಟರಲ್ಲಿ ಗಡಿಯಾಚೆ ಉಳಿದಿತ್ತು. ಕೇಂಬ್ರಿಜ್, ವ್ಯಾಂಕೂವರ್ ದಾಟಿ ವಿಸ್ಕಾನ್ಸಿನ್ ಸೇರಿದ ಮೇಲೆ, ತಮಗೆ ಬೇಕಾದ ಅಕ್ಷರಗಳನ್ನು ಬೇಕಾದ ಕ್ರಮದಲ್ಲಿ ಪೋಣಿಸುವ ರಸಾಯನವಿದ್ಯೆಯನ್ನು ಅವರು ಸಿದ್ಧಿಸಿಕೊಂಡರು. ಯುರಾಸಿಲ್ ಮತ್ತು ಸೈಟೊಸೀನ್‌ಗಳನ್ನು ಒಂದಾದ ಮೇಲೊಂದರಂತೆ ‘ಯುಸಿಯುಸಿಯುಸಿ’ ಎಂದು ಪೋಣಿಸಿದರೆ, ಮೂರು ಮೂರಾಗಿ ಓದಿದಾಗ ‘ಯುಸಿಯು’, ‘ಸಿಯುಸಿ’ ಎಂಬ ಎರಡೇ ಪದಗಳು ಸರದಿಯಲ್ಲಿ ಬರಬೇಕು. ಹೊರಬಂದ ಪ್ರೋಟೀನಿನಲ್ಲಿಯೂ ಸೆರೀನ್, ಲ್ಯೂಸೀನ್, ಸೆರೀನ್, ಲ್ಯೂಸೀನ್ ಎಂದು ಎರಡೇ ಆಮ್ಲಗಳು ಸರದಿಯಲ್ಲಿದ್ದವು. ಹೀಗೆ 64 ಪದಗಳ ಪಟ್ಟಿ ಪೂರ್ಣವಾಯಿತು: 61 ಪದಗಳು ಅಮೈನೋ ಆಮ್ಲಗಳಿಗೆ, ಮೂರು ಪೂರ್ಣವಿರಾಮಕ್ಕೆ. 1968ರ ನೊಬೆಲ್ ಅನ್ನು ಖೊರಾನ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಹಂಚಿಕೊಂಡರು.

ಪೂರ್ಣವಿರಾಮದ ಅಧ್ಯಯನದಲ್ಲಿ ಇನ್ನೊಬ್ಬ ಭಾರತೀಯರ ಪಾಲಿದೆ. ಪ್ರೋಟೀನನ್ನು ನಡುವೆಯೇ ನಿಲ್ಲಿಸಿಬಿಡುವ ‘ಅರ್ಥಹೀನ’ ಪದಗಳ ಬಗ್ಗೆ ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಕೆಲಸ ಮಾಡಿದ ಒಬೈದ್ ಸಿದ್ದಿಕಿ, ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗವನ್ನು ಕಟ್ಟಿದರು. ಅದೇ ಕವಲು ಮುಂದೆ ಬೆಂಗಳೂರಿಗೆ ಹೋಗಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಯಿತು. ಬೆಂಗಳೂರಿನಿಂದ ಮುಂಬಯಿಗೆ ಬಂದ ನಮ್ಮಂಥವರು ಬಹಳ. ಈ ವಿದ್ಯೆ ಮಾತ್ರ ಮುಂಬಯಿಯಿಂದ ಬೆಂಗಳೂರಿಗೆ ಹೋಯಿತು.

ಪ್ರತಿ ಮಾಡುವ ಕೆಲಸವೆಂದ ಮೇಲೆ ತಪ್ಪೂ ಇದ್ದದ್ದೇ. ಕೋಶದೊಳಗಿನ ಕಿಣ್ವಗಳು ಪ್ರತಿ ಮಾಡುತ್ತಲೇ ಕರಡನ್ನೂ ತಿದ್ದುತ್ತವೆ. ಉಳಿಯುವ ತಪ್ಪು ಸುಮಾರು ನೂರು ಕೋಟಿ ಅಕ್ಷರಗಳಿಗೆ ಒಂದು. ಯಾವ ಲಿಪಿಕಾರನಿಗೂ ಇದು ಸಾಧ್ಯವಾಗಿಲ್ಲ. ಆದರೆ ಒಂದು ತಪ್ಪು ಸಾಕು. ‘ಹಾಲು’ ‘ಹಾಳು’ ಆಗುವುದಕ್ಕೆ ಎಷ್ಟು ಅಕ್ಷರ ಬೇಕು? ಹಿಮೊಗ್ಲೋಬಿನ್‌ನ ವಂಶವಾಹಿಯಲ್ಲಿ ‘ಜಿಎಜಿ’ ಇರಬೇಕಾದಲ್ಲಿ ‘ಜಿಟಿಜಿ’ ಬಂದರೆ ಆರನೆಯ ಅಮೈನೋ ಆಮ್ಲ ಬದಲಾಗಿ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ಪಾಠ ಬಂದ ಮಗುವಿಗೆ ಸಿಕಲ್ ಸೆಲ್ ರೋಗ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು ಪತ್ತೆಯಾಯಿತು. ಆದರೆ ಒಬ್ಬರಿಂದ ಮಾತ್ರ ಬಂದರೆ ಅದೇ ‘ತಪ್ಪು’ ಮಲೇರಿಯದಿಂದ ಕಾಪಾಡುತ್ತದೆ. ಮಲೇರಿಯ ಇದ್ದ ನಾಡುಗಳಲ್ಲಿ ಅದು ಉಳಿದುಬಂದಿರುವುದೇ ಅದಕ್ಕೆ. ಅಶುದ್ಧವೆಂದು ತಳ್ಳಿದ ಪಾಠಾಂತರವೇ ಒಮ್ಮೊಮ್ಮೆ ಕೃತಿಯನ್ನು ಉಳಿಸುತ್ತದೆ.

ತಪ್ಪುಗಳಿಗೆ ಇನ್ನೊಂದು ಉಪಯೋಗವಿದೆ, ಅದನ್ನು ನಮ್ಮ ವಿದ್ವಾಂಸರು ಚೆನ್ನಾಗಿ ಬಲ್ಲರು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆ ಗೊತ್ತು: ಎರಡು ಓಲೆಪ್ರತಿಗಳು ಒಂದೇ ಕಡೆ ಒಂದೇ ಬಗೆಯಾಗಿ ತಪ್ಪಿದ್ದರೆ ಅವು ಒಂದೇ ಮಾತೃಕೆಯಿಂದ ಬಂದವೆಂದು ಊಹಿಸಬಹುದು, ಹೀಗೆ ಪ್ರತಿಗಳಿಗೂ ವಂಶವೃಕ್ಷ ಬರೆಯಬಹುದು. ಡಿಎನ್‌ಎಯ ತಪ್ಪುಗಳಿಂದ ಮನುಷ್ಯರ ವಂಶವೃಕ್ಷ ಬರೆಯುವವರ ತರ್ಕವೂ ಇದೇ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ ಲಾಲ್ಜಿ ಸಿಂಗ್, ತಂಗರಾಜ್ ಮತ್ತು ಅಮೆರಿಕದ ಸಹ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನ, ಇಂದಿನ ಬಹುತೇಕ ಭಾರತೀಯ ಸಮುದಾಯಗಳು ಎರಡು ಪ್ರಾಚೀನ ಜನಸಮೂಹಗಳ ಬೆರಕೆಯಿಂದ ಬಂದವೆಂದು ತೋರಿಸಿತು. ಆ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ವ್ಯಾಪಕವಾಗಿ ನಡೆದು, ಆಮೇಲೆ ಒಳವಿವಾಹದ ಗೋಡೆಗಳು ಎದ್ದವೆಂದು 2013ರ ಅಧ್ಯಯನ ಹೇಳಿತು. ಪ್ರಮಾಣದಲ್ಲಿ ಹೆಚ್ಚುಕಡಿಮೆ ಇದೆ, ಬೆರಕೆ ಇಲ್ಲದವರು ಬಹಳ ವಿರಳ. ರಕ್ತಶುದ್ಧಿಯ ಹೆಸರಿನಲ್ಲಿ ಈ ನೆಲದಲ್ಲಿ ಎಷ್ಟು ಬಾಗಿಲುಗಳು ಮುಚ್ಚಿದವು, ಎಷ್ಟು ಮದುವೆಗಳು ಮುರಿದವು ಎಂದು ನೆನೆದರೆ, ಈ ಓದು ಬರಿಯ ವಿಜ್ಞಾನದ ಕುತೂಹಲವಾಗಿ ಉಳಿಯುವುದಿಲ್ಲ.

ಈಗ ಮೊದಲಿನ ಮಾತಿಗೆ ಬರೋಣ. ಈ 300 ಕೋಟಿ ಅಕ್ಷರಗಳಲ್ಲಿ ಕನ್ನಡ ಎಲ್ಲಿದೆ? ಎಲ್ಲಿಯೂ ಇಲ್ಲ. ಮಾತು ಕಲಿಯಬಲ್ಲ ಮಿದುಳು, ಉಲಿಯಬಲ್ಲ ಗಂಟಲು ಆ ಓಲೆಯ ಕೊಡುಗೆ ಹೌದು. ಆದರೆ ಆ ಗಂಟಲಿಗೆ ‘ಅವ್ವ’, ‘ಆಯಿ’, ‘ಅಮ್ಮ’ ಎಲ್ಲವೂ ಒಂದೇ. ಪುಣೆಯಲ್ಲಿ ಹುಟ್ಟಿದ ನಮ್ಮ ಮಗು ಅಂಗಳದಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಸಲೀಸಾಗಿ ಆಡುತ್ತದೆ. ನಾವು ಆಡದಿದ್ದರೆ ಕನ್ನಡವನ್ನು ಆಡುವುದಿಲ್ಲ. ಅಜ್ಜಿಯ ಮೂಗು ಯಾರೂ ಕಲಿಸದೆ ಮೊಮ್ಮಗಳಿಗೆ ಬರುತ್ತದೆ, ಅಜ್ಜಿಯ ಗಾದೆ ಬರುವುದಿಲ್ಲ. ಡಿಎನ್‌ಎಯನ್ನು ಪ್ರತಿ ಮಾಡಲು ಕೋಶದಲ್ಲಿ ದಣಿವಿಲ್ಲದ ಕಿಣ್ವಗಳಿವೆ. ಭಾಷೆಗೆ ಅಂಥ ಏರ್ಪಾಡನ್ನು ಪ್ರಕೃತಿ ಮಾಡಿಲ್ಲ. ಅಲ್ಲಿ ಪ್ರತಿ ಮಾಡುವವರು ನಾವೇ. ನಮ್ಮ ಪೀಳಿಗೆ ಕೈಬಿಟ್ಟರೆ, ಎದುರಿನ ಎಳೆಯನ್ನು ನೋಡಿ ತುಂಬಿಕೊಳ್ಳೋಣವೆಂದರೆ ಅಂಥ ಎಳೆಯೂ ಆ ಮನೆಯಲ್ಲಿ ಇರುವುದಿಲ್ಲ.

ಮುಂದಿನ ಸಭೆಯಲ್ಲಿ ತರಗತಿಯ ಪ್ರಸ್ತಾಪ ಮತ್ತೆ ಬರಲಿದೆ. ರಕ್ತದ ಮಾತು ಬಂದರೆ ಈ ಸಲ ನಾವು ಚಪ್ಪಾಳೆ ತಟ್ಟುವವರಲ್ಲ. ಭಾನುವಾರ ಎಷ್ಟು ಹೊತ್ತಿಗೆ, ಯಾರ ಮನೆಯಲ್ಲಿ, ಮೊದಲ ತಿಂಗಳು ಯಾರು ಕಲಿಸುತ್ತಾರೆ ಎಂದು ಕೇಳಲಿದ್ದೇವೆ.